ಯುದ್ಧಚಿತ್ರವೂ ಮನೆಯ ಹುಡುಗನೂ

“ಹುಡುಗನಿಗೆ ಹದಿಮೂರು ತುಂಬಿತು, ಇನ್ನು ಯುದ್ಧದ ಚಿತ್ರ ನೋಡಬಹುದಲ್ಲವೆ?” ಎಂದು ಕೇಳುವ ತಂದೆಗೆ ವಯಸ್ಸೊಂದನ್ನೇ ಹಿಡಿದು ಉತ್ತರ ಹೇಳುವುದು ಸುಲಭ. ನಮ್ಮ ಪ್ರಮಾಣಪತ್ರ ಮಂಡಳಿಗಾಗಿ 2024ರಲ್ಲಿ ಬಂದ ನಿಯಮಗಳೂ ‘ಯುಎ’ ವರ್ಗವನ್ನು 7, 13, 16 ಎಂದು ಮೂರಾಗಿ ಒಡೆದಿವೆ. ಆದರೆ ಮಂಡಳಿ ಅಳೆಯುವುದು ಚಿತ್ರವನ್ನು. ಹುಡುಗನನ್ನು ಅಳೆಯಬೇಕಾದವರು ತಾಯ್ತಂದೆಗಳೇ.

ಸ್ಟೀವನ್ ಸ್ಪೀಲ್‌ಬರ್ಗ್ 1998ರಲ್ಲಿ ತೆಗೆದ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರವನ್ನೇ ನೋಡೋಣ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕದ ಸೈನಿಕರು ಇಳಿಯುವ ದೃಶ್ಯ ಇಪ್ಪತ್ತು ನಿಮಿಷಕ್ಕೂ ಮೀರಿ ನಡೆಯುತ್ತದೆ. ದೋಣಿಯ ಬಾಗಿಲು ತೆರೆದೊಡನೆ ಮುಂದಿನ ಸಾಲಿನವರು ಉರುಳುತ್ತಾರೆ. ಒಬ್ಬ ಸೈನಿಕ ಹರಿದುಬಿದ್ದ ತನ್ನ ತೋಳನ್ನೇ ಎತ್ತಿಕೊಂಡು ನಡೆಯುತ್ತಾನೆ. ಮಕ್ಕಳಿಗೆ ಬೇಡ ಎನ್ನುವವರು ಬೆರಳಿಟ್ಟು ತೋರಿಸುವುದು ಇದನ್ನೇ. ಅವರ ಮಾತು ಸುಳ್ಳಲ್ಲ. ಆದರೂ ಗುಂಡು ತಗುಲಿದರೆ ನೋಯುತ್ತದೆಂಬ ಸತ್ಯ ಇಲ್ಲಿದೆ. ನೂರು ಮಂದಿ ಹನಿ ರಕ್ತವಿಲ್ಲದೆ ಉರುಳುವ, ನಾಯಕನ ಕ್ರಾಪೂ ಕೆಡದ ಚಿತ್ರಗಳನ್ನು ಏಳರ ಮಗುವಿಗೂ ನಾವು ನಿಶ್ಚಿಂತೆಯಿಂದ ತೋರಿಸುತ್ತೇವಲ್ಲ!

ನನಗೆ ಹೆಚ್ಚು ಕಠಿಣವೆನಿಸಿದ್ದು ಆಮೇಲೆ ಬರುವ ರಕ್ತವಿಲ್ಲದ ದೃಶ್ಯ. ಹೊಲಗಳ ನಡುವೆ ಒಂದು ಮನೆ. ಮೂವರು ಮಕ್ಕಳ ಸಾವಿನ ಸುದ್ದಿ ಹೊತ್ತ ಕಾರು ಬರುತ್ತದೆ. ತಾಯಿ ಜಗಲಿಗೆ ಬಂದು, ಕಾರಿನಿಂದ ಇಳಿಯುವ ಪಾದ್ರಿಯನ್ನು ಕಂಡು, ಮಾತಿಲ್ಲದೆ ನೆಲಕ್ಕೆ ಕುಸಿಯುತ್ತಾಳೆ. ಎಳೆಯ ಮಗು ಇಲ್ಲಿ ಆಕಳಿಸುತ್ತದೆ. ತೀರದಲ್ಲಿ ಬಿದ್ದವರಿಗೂ ಈ ಜಗಲಿಗೂ ಇರುವ ನಂಟು ತಾನಾಗಿ ಹೊಳೆಯುವ ದಿನ ಹುಡುಗ ಸಿದ್ಧನಾದನೆಂದು ಹೇಳಬಹುದೇನೊ.

ಇನ್ನೊಂದು ಪರೀಕ್ಷೆ ಕೊನೆಗೆ ಬರುತ್ತದೆ. ದುಭಾಷಿ ಅಪ್‌ಹಮ್ ಹೆದರಿ ಮೆಟ್ಟಿಲ ಮೇಲೆ ಕುಳಿತಿರುವಾಗ, ಮೇಲಿನ ಕೋಣೆಯಲ್ಲಿ ಅವನ ಜೊತೆಗಾರ ಚೂರಿಗೆ ಮೆಲ್ಲಮೆಲ್ಲನೆ ಬಲಿಯಾಗುತ್ತಾನೆ. ಮುಂದೆ, ತಾನೇ ಹಿಂದೆ ಬೇಡಿಕೊಂಡು ಉಳಿಸಿದ್ದ ಜರ್ಮನ್ ಸೈನಿಕ ಶರಣಾಗಿ ನಿಂತಾಗ, ಅದೇ ಅಪ್‌ಹಮ್ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅಲ್ಲಿ ಚಪ್ಪಾಳೆ ತಟ್ಟುವ ಹುಡುಗನಿಗೆ, ವಯಸ್ಸು ಹದಿನಾರಾಗಿದ್ದರೂ, ಇನ್ನೆರಡು ವರ್ಷ ಕಾಯುವುದು ಲೇಸು. (ಚಪ್ಪಾಳೆ ತಟ್ಟುವ ತಂದೆಗಳೂ ಉಂಟು, ಅವರ ಮಾತು ಬೇರೆ.)

ವ್ಯಂಗ್ಯಚಿತ್ರವಾದರೆ ಭಯವಿಲ್ಲವೆಂದು ನಂಬುವವರು ಇಸಾವೊ ತಕಾಹತ 1988ರಲ್ಲಿ ತೆಗೆದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ನೋಡಬೇಕು. ಕಾಳಗವೇ ಇಲ್ಲ. ಬಾಂಬಿನಿಂದ ಉರಿದ ಕೋಬೆಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ, ನಾಲ್ಕು ವರ್ಷದ ತಂಗಿ, ಒಂದು ಪೆಪ್ಪರಮೆಂಟಿನ ಡಬ್ಬಿ, ಹಸಿವು, ಅಷ್ಟೆ. ಜಪಾನಿನಲ್ಲಿ ಅದನ್ನು ‘ಮೈ ನೇಬರ್ ಟೊಟೊರೊ’ ಎಂಬ ಮುದ್ದಾದ ಮಕ್ಕಳ ಚಿತ್ರದ ಜೊತೆಗೆ ಒಂದೇ ಆಟದಲ್ಲಿ ತೆರೆಗೆ ತಂದರು!

ಅಭಿಮನ್ಯುವಿನ ಕಾಳಗವನ್ನು ಬಯಲಾಟದಲ್ಲಿ ಕಂಡು ಬೆಳೆದವರು ನಾವು, ಈ ಗಾಬರಿಯೇಕೆ ಎಂದು ಕೇಳಬಹುದು. ಅಲ್ಲಿ ವೇಷದ ಬಣ್ಣ ಕಾಣುತ್ತಿತ್ತು, ಪಕ್ಕದಲ್ಲಿ ಅಜ್ಜಿ ಕುಳಿತಿರುತ್ತಿದ್ದಳು. ನಡುರಾತ್ರಿ ಅತ್ತರೆ ಅವಳ ಸೆರಗಿತ್ತು. ಈಗ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಅಂಗೈಯಗಲದ ಫೋನಿನಲ್ಲಿ ಒಮಾಹಾ ತೀರವನ್ನು ಒಬ್ಬನೇ ನೋಡುತ್ತಾನೆ. ಊಟಕ್ಕೆ ಕರೆದಾಗ ಏನೂ ಆಗದವನಂತೆ ಬಂದು ತಟ್ಟೆಯ ಮುಂದೆ ಕೂರುತ್ತಾನೆ.