ಹಳೆಯ ಛಾಯಾಚಿತ್ರದ ಹೊಸ ಪಾಠಾಂತರ: ಪುಷ್ಪಮಾಲಾ ಎನ್. ಅವರ ಚಿತ್ರಸರಣಿಯೊಂದರ ವಿವೇಚನೆ

ಹಳೆಯ ಛಾಯಾಚಿತ್ರಗಳನ್ನು ಆಕರವಾಗಿಟ್ಟುಕೊಂಡು ಹೊಸ ಕಲಾಕೃತಿಗಳನ್ನು ರಚಿಸುವುದು ಸಮಕಾಲೀನ ದೃಶ್ಯಕಲೆಯ ಒಂದು ಮುಖ್ಯ ಪ್ರವೃತ್ತಿಯಾಗಿದೆ. ಇದರಲ್ಲಿ ಎರಡು ಮಾರ್ಗಗಳನ್ನು ಗುರುತಿಸಬಹುದು. ದೊರೆತ ಚಿತ್ರವನ್ನೇ ಕತ್ತರಿಸಿ ಜೋಡಿಸುವುದು ಒಂದು. ಅದನ್ನು ಬೇರೊಂದು ದೇಹದ ಮೂಲಕ ಪುನರಭಿನಯಿಸುವುದು ಮತ್ತೊಂದು. ಜರ್ಮನಿಯ ಯೋಆಖಿಮ್ ಶ್ಮಿಡ್ ಸ್ಟುಡಿಯೋವೊಂದರಿಂದ ಬಂದ, ಎರಡಾಗಿ ಕತ್ತರಿಸಲ್ಪಟ್ಟಿದ್ದ ಭಾವಚಿತ್ರಗಳ ನೆಗೆಟಿವ್‌ಗಳನ್ನು ಬೆಸೆದು, 1991ರಲ್ಲಿ ಎಲ್ಲಿಯೂ ಇರದ ಮುಖಗಳನ್ನು ಸೃಷ್ಟಿಸಿದ್ದು ಮೊದಲ ಮಾರ್ಗಕ್ಕೆ ನಿದರ್ಶನ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರ ಅವಧಿಯಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿ ಎರಡನೆಯದಕ್ಕೆ ಸೇರುತ್ತದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದರ ಮಹತ್ವ ಮತ್ತು ಮಿತಿಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಸರಣಿಯ ಶೀರ್ಷಿಕೆಯೇ ವಸಾಹತುಶಾಹಿ ಜನಾಂಗವಿವರಣೆಯ ಗ್ರಂಥಗಳನ್ನು ಅಣಕಿಸುತ್ತದೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’, 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ‘ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ ಮುಂತಾದವು ವ್ಯಕ್ತಿಯನ್ನು ಆತನ ಸಮುದಾಯದ ‘ಮಾದರಿ’ಯಾಗಿ ಕಂಡವು. ಜೆ. ಎಚ್. ಲ್ಯಾಂಪ್ರೆ 1869ರಲ್ಲಿ ಸೂಚಿಸಿದ ವಿಧಾನದಲ್ಲಿ ರೇಷ್ಮೆದಾರದಿಂದ ಹೆಣೆದ ಎರಡಂಗುಲದ ಚೌಕಗಳ ಮುಂದೆ ಬೆತ್ತಲೆ ದೇಹವನ್ನು ನಿಲ್ಲಿಸಿ ಅಳೆಯಲಾಗುತ್ತಿತ್ತು. ಎಂ. ವಿ. ಪೋರ್ಟ್‌ಮನ್ 1890ರ ದಶಕದಲ್ಲಿ ಅಂಡಮಾನಿನಲ್ಲಿ ಇಂಥದೇ ಚೌಕಳಿ ಹಿನ್ನೆಲೆಯನ್ನು ಬಳಸಿದರು.

ಈ ಚೌಕಳಿ ಪರದೆಯ ಮುಂದೆ ಪುಷ್ಪಮಾಲಾ ‘ತೋಡ’ ಮಹಿಳೆಯಾಗಿ ತಾವೇ ನಿಲ್ಲುತ್ತಾರೆ. ಅದೇ ಸಾಲಿನಲ್ಲಿ ರವಿವರ್ಮ ಮುದ್ರಣಾಲಯದ ಲಕ್ಷ್ಮಿ, ಬಿಜಾಪುರದ ಕಿರುಚಿತ್ರದ ಯೋಗಿನಿ, ಚಲನಚಿತ್ರದ ನಾಯಕಿ, ಪತ್ರಿಕೆಯಲ್ಲಿ ಕಂಡ ಬಂಧಿತ ಮಹಿಳೆಯರೂ ಇದ್ದಾರೆ. ದೇವತೆ, ತಾರೆ, ಆರೋಪಿ ಎಲ್ಲರೂ ಒಬ್ಬಳೇ ಕಲಾವಿದೆಯ ವೇಷಗಳಾದಾಗ ‘ಮಾದರಿ’ ಎಂಬ ಪರಿಕಲ್ಪನೆಯೇ ಕುಸಿಯುತ್ತದೆ. ಸರಣಿಯ ದೊಡ್ಡ ಸಾಧನೆ ಇದು.

ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರತಿ ಚಿತ್ರವೂ ಒಂದು ಪಾಠಾಂತರ. ಕಥೆಗೆ ಮೂಲಪಾಠವೆಂಬುದಿಲ್ಲ, ಹೇಳಿದಾಗಲೆಲ್ಲ ಅದು ಹೊಸದು. ಲಕ್ಷ್ಮಿಯ ಪಟಕ್ಕೂ ಸಿನಿಮಾ ಭಂಗಿಗೂ ಈ ಮಾತು ಒಪ್ಪುತ್ತದೆ. ಅವು ಮರುಕಳಿಸಲೆಂದೇ ಹುಟ್ಟಿದ ಬಿಂಬಗಳು. ಆದರೆ ದೇಹಮಾಪನದ ಛಾಯಾಚಿತ್ರ ಕಥೆಯಲ್ಲ. ಅದರಲ್ಲಿ ಒಬ್ಬ ವ್ಯಕ್ತಿ ನಿಜವಾಗಿ ನಿಂತಿದ್ದಳು. ಕಲಾವಿದೆ ವೇಷ ಕಳಚಿ ಚೌಕಳಿಯಿಂದ ಹೊರಬರಬಲ್ಲಳು, ಕೃತಿಯ ಮೇಲೆ ತನ್ನ ಹೆಸರನ್ನು ಬರೆಯಬಲ್ಲಳು. ಅಳತೆಗೊಳಗಾದವಳಿಗೆ ಈ ಎರಡೂ ಸಾಧ್ಯವಿರಲಿಲ್ಲ. ಹೀಗಾಗಿ ಆಕೆಯನ್ನು ಲಕ್ಷ್ಮಿಯ ಪಕ್ಕದಲ್ಲಿ ಸಮಾನವಾಗಿ ನಿಲ್ಲಿಸುವ ವ್ಯಂಗ್ಯವು ಅಧಿಕಾರವನ್ನು ಪ್ರಶ್ನಿಸುತ್ತಲೇ ಒಂದು ಅಸಮಾನತೆಯನ್ನು ಮರೆಮಾಡುತ್ತದೆ. ‘ತೋಡ’ ಎಂಬ ಶೀರ್ಷಿಕೆಯೂ ಸಮುದಾಯವನ್ನು ಹೇಳುತ್ತದೆಯೇ ಹೊರತು ವ್ಯಕ್ತಿಯನ್ನಲ್ಲ.

ಈ ಆಕ್ಷೇಪಕ್ಕೆ ಸರಣಿಯ ಒಳಗೇ ಭಾಗಶಃ ಉತ್ತರವಿದೆ. ‘ಪ್ರೋಸೆಸ್’ ಎಂಬ ಭಾಗವು ಚಿತ್ರಗಳ ಹಿಂದಿನ ಸಿದ್ಧತೆಯನ್ನು ಬಯಲಿಗಿಡುತ್ತದೆ. ವಸಾಹತುಶಾಹಿ ಚಿತ್ರವು ತನ್ನ ನಿರ್ಮಾಣವನ್ನು ಬಚ್ಚಿಟ್ಟು ಸತ್ಯವೆಂದು ತೋರಿಸಿಕೊಂಡರೆ, ಇದು ತಾನು ಕಟ್ಟಿದ್ದೆಂದು ಒಪ್ಪಿಕೊಳ್ಳುತ್ತದೆ. ಆಕರವನ್ನು ಕುರಿತ ಇಂಥ ಪ್ರಾಮಾಣಿಕತೆ ಗಮನಾರ್ಹವಾದುದು. ಆದರೂ ಅದು ಕಲಾವಿದೆಯ ಪ್ರಕ್ರಿಯೆಯನ್ನು ತೋರಿಸುತ್ತದೆ. ಮೂಲಚಿತ್ರದ ಮಹಿಳೆಯ ಅನುಭವದತ್ತ ಹೋಗುವುದಿಲ್ಲ.

ಈ ಚರ್ಚೆ ಕಲಾವಿಮರ್ಶೆಗಷ್ಟೇ ಸೀಮಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರ ನಡುವೆ ಪ್ರಕಟಿಸಿದ ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ‘ದಿ ಮೈಸೂರು ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಸಂಪುಟಗಳೂ ಇದೇ ಜನಾಂಗವಿವರಣೆಯ ಪರಂಪರೆಗೆ ಸೇರುತ್ತವೆ. ಕನ್ನಡ ಜಾನಪದ ಸಂಶೋಧನೆ ಇಂಥ ಗ್ರಂಥಗಳನ್ನು ಆಕರವಾಗಿ ಬಳಸುತ್ತ ಬಂದಿದೆ. ಹಾಡಿದವರ ಹೆಸರು, ಊರುಗಳನ್ನು ದಾಖಲಿಸುವುದು ಕ್ಷೇತ್ರಕಾರ್ಯದ ಶಿಸ್ತು. ಆ ಶಿಸ್ತನ್ನು ಹಳೆಯ ಛಾಯಾಚಿತ್ರಗಳ ಬಳಕೆಗೂ ವಿಸ್ತರಿಸಬೇಕಾಗಿದೆ. ಸಾಧ್ಯವಿದ್ದಲ್ಲಿ ಚಿತ್ರವನ್ನು ಆಯಾ ಸಮುದಾಯದವರ ಮುಂದಿಟ್ಟು ಕೇಳಬೇಕು. ಹೆಸರು ಸಿಗದಿದ್ದಲ್ಲಿ ಆ ಕೊರತೆಯನ್ನೇ ಅಡಿಬರಹದಲ್ಲಿ ನಮೂದಿಸಬೇಕು. ಪುಷ್ಪಮಾಲಾ ಅವರ ಸರಣಿ ಈ ಕೆಲಸವನ್ನು ತಾನೇ ಪೂರೈಸುವುದಿಲ್ಲ. ಆದರೆ ಅದನ್ನು ನೋಡಿದ ಮೇಲೆ ಗ್ರಂಥಾಲಯದ ಹಳೆಯ ಸಂಪುಟದಲ್ಲಿನ ಯಾವ ಮುಖವನ್ನೂ ಕೇವಲ ‘ಮಾದರಿ’ಯೆಂದು ಕಾಣುವುದು ಸಂಶೋಧಕರಿಗೆ ಕಷ್ಟವಾಗುತ್ತದೆ.