ಗಡುವಿಗೆ ಹೆದರಿದ ತೀರ್ಪು

ತ್ವರಿತ ವಿಚಾರಣೆಯ ಹಕ್ಕಿನ ಬಗ್ಗೆ ನಮ್ಮಲ್ಲಿ ಯಾರೇ ಬರೆಯಲಿ, 1979ರ ಹುಸೈನಾರಾ ಖಾತೂನ್ ತೀರ್ಪಿಗೆ ಕೈಮುಗಿದೇ ಮುಂದಕ್ಕೆ ಹೋಗುತ್ತಾರೆ. ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರನ್ನು ಹೊರತಂದ ತೀರ್ಪಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಆ ಹಕ್ಕಿಗೆ ಇವತ್ತು ಎಷ್ಟು ಬಲವಿದೆ ಎಂದು ತಿಳಿಯಬೇಕಾದರೆ 2002ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ರಾಮಚಂದ್ರರಾವ್ ತೀರ್ಪನ್ನು ಓದಬೇಕು. ಮಂಗಳೂರಿನಿಂದ ಹೊರಟ ಆ ಪ್ರಕರಣವನ್ನು ವಿವೇಕದ ಮಾದರಿ ಎಂದು ಹೊಗಳುವುದು ರೂಢಿಯಾಗಿದೆ. ನನ್ನ ಮಟ್ಟಿಗೆ ಅದು ಹಕ್ಕಿನ ಹಲ್ಲು ಕಿತ್ತ ತೀರ್ಪು.

ಅದಕ್ಕೂ ಮೊದಲು ಸುಪ್ರೀಂ ಕೋರ್ಟೇ ಕೊಟ್ಟ ಕಾಮನ್ ಕಾಸ್, ರಾಜದೇವ್ ಶರ್ಮಾ ತೀರ್ಪುಗಳು ವಿಚಾರಣೆಗೆ ಗಡುವು ಹಾಕಿದ್ದವು: ನಿಗದಿತ ಕಾಲದೊಳಗೆ ವಿಚಾರಣೆ ಶುರುವಾಗದಿದ್ದರೆ ಆರೋಪಿಯನ್ನು ಬಿಡಬೇಕಿತ್ತು. ಮಂಗಳೂರು ನಗರಪಾಲಿಕೆಯ ನೌಕರರೊಬ್ಬರ ಮೇಲೆ ಅಕ್ರಮ ಆಸ್ತಿಯ ಆರೋಪ ನಿಗದಿಯಾದದ್ದು 1994ರಲ್ಲಿ. 1999ರ ಫೆಬ್ರವರಿಯಾದರೂ ವಿಚಾರಣೆ ಶುರುವಾಗಿರಲಿಲ್ಲ. ವಿಶೇಷ ನ್ಯಾಯಾಧೀಶರು ಗಡುವಿನಂತೆ ಅವರನ್ನು ಖುಲಾಸೆ ಮಾಡಿದರು. ಹೈಕೋರ್ಟು ಆರೋಪಿಗೆ ನೋಟಿಸನ್ನೂ ಕೊಡದೆ ಆ ಆದೇಶವನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟು ಗಡುವುಗಳನ್ನೆಲ್ಲ ಅಳಿಸಿಹಾಕಿತು. ನೋಟಿಸ್ ಕೊಡದ ತಪ್ಪಿಗಾಗಿ ಮೇಲ್ಮನವಿಯನ್ನು ಮತ್ತೆ ಹೈಕೋರ್ಟಿಗೇ ಕಳಿಸಿತು. ವಿಳಂಬದ ವಿರುದ್ಧ ಬಂದವರಿಗೆ ಎಂಟು ವರ್ಷದ ಮೇಲೆ ಸಿಕ್ಕಿದ್ದು ಇನ್ನೊಂದು ಸುತ್ತಿನ ಅಲೆದಾಟ.

ನ್ಯಾಯಮೂರ್ತಿ ಲಾಹೋಟಿಯವರು ಬರೆದ ಮುಖ್ಯ ತೀರ್ಪು ಒಂದೇ ವಾದದ ಮೇಲೆ ನಿಂತಿದೆ: ಎಲ್ಲ ಪ್ರಕರಣಗಳಿಗೂ ಅನ್ವಯಿಸುವ ಗಡುವು ಹಾಕುವುದೆಂದರೆ ಶಾಸನ ಮಾಡಿದಂತೆ, ಅದು ಕೋರ್ಟಿನ ಕೆಲಸವಲ್ಲ. ಈ ವಾದ ನನಗೆ ಒಪ್ಪಿಗೆಯಾಗುವುದೇ ಇಲ್ಲ. ಬಂಧನದ ವೇಳೆ ಪೊಲೀಸರು ಏನೇನು ಮಾಡಬೇಕೆಂದು 1996ರ ಡಿ.ಕೆ. ಬಸು ತೀರ್ಪಿನಲ್ಲಿ ಪಟ್ಟಿ ಕೊಟ್ಟದ್ದು ಇದೇ ಕೋರ್ಟು. ಕಾನೂನೇ ಇಲ್ಲದ ಕಡೆ 1997ರಲ್ಲಿ ವಿಶಾಖಾ ಮಾರ್ಗಸೂಚಿ ರೂಪಿಸಿದ್ದೂ ಇದೇ ಕೋರ್ಟು. ಅಲ್ಲಿಲ್ಲದ ಸಂಕೋಚ ಇಲ್ಲೇಕೆ? ಪ್ರತಿ ಪ್ರಕರಣದ ಸಂದರ್ಭ ನೋಡಿ ತೀರ್ಮಾನಿಸಿ ಎಂಬ ಅಂತುಳೆ ತೀರ್ಪಿನ ಸೂತ್ರ ಸಾಕು ಎನ್ನುತ್ತದೆ ಪೀಠ. ಹಾಗಾದರೆ ತಡವಾಯಿತೆಂದು ತೋರಿಸುವ ಹೊಣೆ ಆರೋಪಿಯ ತಲೆಗೇ ಬಿತ್ತು. ಅವನು ಅರ್ಜಿ ಹಾಕಬೇಕು, ವಕೀಲರನ್ನು ಹಿಡಿಯಬೇಕು, ಆ ಅರ್ಜಿಗೂ ತಾರೀಖು ಕಾಯಬೇಕು.

ಗಡುವು ಕೆಲಸ ಮಾಡುವುದಿಲ್ಲ ಎನ್ನುವವರು ದಂಡ ಪ್ರಕ್ರಿಯಾ ಸಂಹಿತೆಯ 167(2)ನೇ ಕಲಮನ್ನು ನೋಡಲಿ; ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಕೊಡಲೇಬೇಕು. ಅದಕ್ಕೆ ಹೆದರಿಯೇ ತನಿಖಾಧಿಕಾರಿಗಳು ದಿನ ಎಣಿಸುತ್ತಾರೆ. ಚೆಕ್ ಬೌನ್ಸ್ ಪ್ರಕರಣವನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 143ನೇ ಕಲಮೂ ಹೇಳುತ್ತದೆ. ಆದರೆ ಮೀರಿದರೆ ಏನೂ ಆಗುವುದಿಲ್ಲ. ತಿರುಪ್ಪೂರಿನಲ್ಲಿ ಬನಿಯನ್ ಜಾಬ್‌ವರ್ಕ್ ಮಾಡಿ ಹಣಕ್ಕಾಗಿ ಕೋರ್ಟಿಗೆ ಹೋಗುವ ಸಣ್ಣ ಘಟಕದವನಿಗೆ ಆ ಆರು ತಿಂಗಳು ಕಾಗದದ ಮೇಲಿನ ಮಾತು. ಮೀರಿದರೆ ಪರಿಣಾಮವಿರುವ ಗಡುವನ್ನೇ ರಾಮಚಂದ್ರರಾವ್ ತೀರ್ಪು ಕಿತ್ತುಹಾಕಿದ್ದು.

ಆ ತೀರ್ಪು ಬಂದಾಗ ಕೊಯಮತ್ತೂರಿನ ಸರಣಿ ಸ್ಫೋಟದ ಆರೋಪಿಗಳು ಜೈಲಿನಲ್ಲೇ ಇದ್ದರು. 1998ರ ಫೆಬ್ರವರಿ 14ರಂದು 58 ಜನ ಸತ್ತ ಘೋರ ಅಪರಾಧ ಅದು. ಸತ್ತವರ ಮನೆಯವರೂ ವಿಶೇಷ ನ್ಯಾಯಾಲಯದ ತೀರ್ಪಿಗೆ 2007ರವರೆಗೆ ಕಾದರು. ಈ ಹಕ್ಕು ಅವರದೂ ಹೌದು. ಕೇರಳದ ರಾಜಕಾರಣಿ ಅಬ್ದುಲ್ ನಾಸಿರ್ ಮದನಿ 1998ರ ಮಾರ್ಚ್ 31ರಂದು ಬಂಧಿತರಾಗಿ 2007ರ ಆಗಸ್ಟ್ 1ರಂದು ನಿರ್ದೋಷಿಯೆನಿಸಿದರು. ಒಂದು ಕಾಲಿಲ್ಲದ ಆ ಮನುಷ್ಯನ ರಾಜಕೀಯದ ಬಗ್ಗೆ ಯಾರು ಏನೇ ಹೇಳಲಿ, ಒಂಬತ್ತು ವರ್ಷಕ್ಕೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳಲಿಲ್ಲ.

ಸಾವಿರಕ್ಕೂ ಹೆಚ್ಚು ಸಾಕ್ಷಿಗಳಿದ್ದ ಮೊಕದ್ದಮೆ, ತಡವಾಗದೆ ಇರುತ್ತದೆಯೇ ಎಂದು ಕಾನೂನು ಅಂಕಣಕಾರರು ಕೇಳುತ್ತಾರೆ. ಸಾಕ್ಷಿಗಳ ಪಟ್ಟಿ ಮಾಡಿದ್ದು ಪ್ರಾಸಿಕ್ಯೂಷನ್. ಅದರ ಉದ್ದಕ್ಕೆ ಜೈಲಿನಲ್ಲಿರುವವನು ಏಕೆ ದಂಡ ತೆರಬೇಕು? 2021ರ ನಜೀಬ್ ತೀರ್ಪು ತಡವಾದರೆ ಯುಎಪಿಎ ಅಡಿಯಲ್ಲೂ ಜಾಮೀನು ಕೊಡಬಹುದೆಂದ ಮೇಲೆ ಸಮಸ್ಯೆ ಬಗೆಹರಿಯಿತೆಂದು ಇನ್ನು ಕೆಲವರು ಬರೆಯುತ್ತಾರೆ. ಜಾಮೀನು ಬೇರೆ, ವಿಚಾರಣೆ ಮುಗಿಯುವುದು ಬೇರೆ. 2008ರ ಬೆಂಗಳೂರು ಸ್ಫೋಟ ಪ್ರಕರಣದಲ್ಲಿ ಅದೇ ಮದನಿಯವರನ್ನು 2010ರಲ್ಲಿ ಬಂಧಿಸಲಾಯಿತು. 2014ರಲ್ಲಿ ಬೆಂಗಳೂರು ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕೆಂಬ ಮಾತೂ ಆಗ ಬಂದಿತ್ತು. 2023ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅವರಿಗೆ ಕೇರಳದಲ್ಲಿ ಇರಲು ಅನುಮತಿ ಕೊಟ್ಟಾಗಲೂ ಆ ವಿಚಾರಣೆ ಮುಗಿದಿರಲಿಲ್ಲ.