ವಿಕಲ್ಪಸಾಧನವನ್ನು ಕುರಿತ ಅಭಿಪ್ರಾಯಗಳ ವಿಚಾರ

೧

ಗ್ರಂಥವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಗಣಕಯಂತ್ರದ ಒಂದು ಉಪಕರಣವನ್ನೂ, ಅದನ್ನು ಬಳಸಿದವರು ಬರೆದ ಅಭಿಪ್ರಾಯಗಳನ್ನೂ ವಿಚಾರಕ್ಕೆ ತೆಗೆದುಕೊಳ್ಳುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಆ ಉಪಕರಣದ ಹೆಸರಿನಲ್ಲಿರುವ ‘ಆಪ್ಷನ್’ ಎಂಬ ಮಾತಿಗೆ ನಮ್ಮ ಶಾಸ್ತ್ರಗಳಲ್ಲಿ ‘ವಿಕಲ್ಪ’ವೆಂದು ಹೆಸರು. ವಿಕಲ್ಪವು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು, ಆರಿಸುವ ಅಧಿಕಾರವು ಯಾರದು ಎಂಬುದನ್ನು ವೈಯಾಕರಣರೂ ಮೀಮಾಂಸಕರೂ ಬಹುಕಾಲ ಚರ್ಚಿಸಿದ್ದಾರೆ. ಅಭಿಪ್ರಾಯವೆಂಬುದೋ ವಿಮರ್ಶೆಯ ಮೊದಲ ಮೆಟ್ಟಿಲು. ಆದಕಾರಣ ಈ ವಿಷಯವು ನಮಗೆ ಹೊರಗಿನದಲ್ಲ.

ಈ ವಿಚಾರಕ್ಕೆ ನನ್ನನ್ನು ಎಳೆದ ಸಂದರ್ಭವನ್ನು ಮೊದಲು ಹೇಳಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿರುವ ಅಂತರಸಂತೆಯಲ್ಲಿ ಕೆಲವರು ಉಪಾಧ್ಯಾಯರು ಸೇರಿ ಸುತ್ತಣ ಊರುಗಳ ಹೆಸರುಗಳನ್ನು ಸಂಗ್ರಹಿಸಿ ಒಂದು ಜಾಲತಾಣದಲ್ಲಿ ಇಡಲು ತೊಡಗಿದರು. ಕಬಿನಿಯ ಜಲಾಶಯದಲ್ಲಿ ಮುಳುಗಿದ ಊರುಗಳ, ಕಾಡಂಚಿನ ಹಾಡಿಗಳ, ಹೊಲಗದ್ದೆಗಳ ಹೆಸರುಗಳು ಅದರಲ್ಲಿದ್ದುವು. ಕಾಗುಣಿತವನ್ನು ತಿದ್ದಿಕೊಡುವ ಕೆಲಸವು ನನ್ನ ಪಾಲಿಗೆ ಬಂದಿತು. ಊರಿನ ಹಿರಿಯರೊಬ್ಬರು ಬಾಯಿಂದ ಹೇಳಿ ಬರೆಯಿಸಿದ ಇಪ್ಪತ್ತು ಸಾಲಿನ ಮುನ್ನುಡಿಯು ತಾಣದ ಮೊದಲ ಪುಟದಲ್ಲಿತ್ತು.

ಒಂದು ದಿನ ನಮ್ಮಲ್ಲೊಬ್ಬರು ತಲೆಬರಹದ ಬಣ್ಣವನ್ನು ಹಿಂದಿನಂತೆ ಮಾಡಲು ಹೋಗಿ, ವ್ಯವಸ್ಥಾಫಲಕದ ಕೆಳಗಿದ್ದ ಒಂದು ಗುಂಡಿಯನ್ನು ಒತ್ತಿದರು. ಒಂದು ಎಚ್ಚರಿಕೆಯು ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟರು. ಫಲಕದಲ್ಲಿ ತುಂಬಿದ್ದುದೆಲ್ಲವೂ ಅಳಿಸಿಹೋಗಿ ಮೂಲಸ್ಥಿತಿಯು ಬಂದಿತು. ಊರುಗಳ ಹೆಸರುಗಳು ಬೇರೆಡೆಯಲ್ಲಿದ್ದುದರಿಂದ ಉಳಿದುವು. ಮುನ್ನುಡಿಯನ್ನು ಮಾತ್ರ ಆ ಫಲಕದ ಒಂದು ಪೆಟ್ಟಿಗೆಯಲ್ಲಿಯೇ ಬರೆದಿದ್ದರು. ಅದಕ್ಕೆ ಬೇರೊಂದು ಪ್ರತಿಯಿರಲಿಲ್ಲ.

ಆ ಫಲಕವನ್ನು ಮಾಡಿದವರ ಹೆಸರನ್ನು ಇಲ್ಲಿ ಹೇಳುವುದು ಅನಗತ್ಯ. ಅಂದು ಕೋಪದಲ್ಲಿ ಅವರ ಸಾಧನಕ್ಕೆ ಒಂದೇ ನಕ್ಷತ್ರವನ್ನಿತ್ತು ಕಟುವಾದ ಅಭಿಪ್ರಾಯವೊಂದನ್ನು ಬರೆಯಬೇಕೆಂದು ಕುಳಿತೆನು. ಬರೆಯುವ ಮೊದಲು ಇಂಥ ಸಾಧನಗಳ ವಿಷಯದಲ್ಲಿ ಇತರರು ಏನೆಂದಿದ್ದಾರೆಂದು ಓದಿದೆನು. ಓದಿದಷ್ಟೂ ನನ್ನ ಅಭಿಪ್ರಾಯವು ಎಷ್ಟು ಅವಿಚಾರಿತವಾಗಿತ್ತೆಂಬುದು ತಿಳಿದುಬಂದಿತು.

೨

ಸಾಧನದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯಬೇಕು. ವರ್ಡ್‌ಪ್ರೆಸ್ ಎಂಬುದು ಜಾಲತಾಣಗಳನ್ನು ಕಟ್ಟಿ ನಡೆಸುವುದಕ್ಕಾಗಿ ೨೦೦೩ರಲ್ಲಿ ಹೊರಬಂದ ತಂತ್ರಾಂಶ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಪರವಾನಗಿಯು ಅದಕ್ಕೆ ಉಂಟು. ಅದರಲ್ಲಿ ತಾಣದ ಹೊರರೂಪಕ್ಕೆ ‘ಥೀಮು’ ಎಂದೂ, ಹೊಸ ಶಕ್ತಿಯನ್ನು ಕೂಡಿಸುವ ಉಪಾಂಗಕ್ಕೆ ‘ಪ್ಲಗಿನ್’ ಎಂದೂ ಹೆಸರು. ಥೀಮನ್ನು ರಚಿಸುವವನು ಲಾಂಛನ, ಬಣ್ಣ, ಅಕ್ಷರದ ಅಳತೆ ಮೊದಲಾದ ಕೆಲವನ್ನು ತಾಣದ ಒಡೆಯನ ಇಚ್ಛೆಗೆ ಬಿಡುವನು. ಹಾಗೆ ಬಿಟ್ಟುದನ್ನು ಕೇಳಿ ಪಡೆಯಲು ಒಂದು ಫಲಕವು ಬೇಕು. ಪ್ರತಿಯೊಂದು ಥೀಮಿಗೂ ಆ ಫಲಕವನ್ನು ಬುಡದಿಂದ ಕಟ್ಟುವುದು ಶ್ರಮದ ಕೆಲಸ.

ಈ ಶ್ರಮವನ್ನು ತಪ್ಪಿಸಲೆಂದು ಡೆವಿನ್ ಪ್ರೈಸ್ ಎಂಬವರು ರಚಿಸಿದ ಪ್ಲಗಿನ್ನೇ ‘ಆಪ್ಷನ್ಸ್ ಫ್ರೇಮ್‌ವರ್ಕ್’. ಈ ವರ್ಗದ ಸಾಧನಗಳಲ್ಲಿ ಇದು ಪ್ರಸಿದ್ಧವಾದುದರಿಂದ ಇದನ್ನೇ ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ಥೀಮುಕಾರನು ತನ್ನ ವಿಕಲ್ಪಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು. ಫಲಕವು ತಾನಾಗಿ ಮೂಡುವುದು. ಒಡೆಯನು ಆರಿಸಿದುದು ದತ್ತಕೋಶದಲ್ಲಿ ನಿಲ್ಲುವುದು. ಅವನು ಏನನ್ನೂ ಆರಿಸದಿದ್ದರೆ ಥೀಮುಕಾರನು ಮೊದಲೇ ಗೊತ್ತುಮಾಡಿದ ಬೆಲೆಯು ಸಲ್ಲುವುದು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲೇ ಗೊತ್ತಾದುದು ಉತ್ಸರ್ಗ, ಒಡೆಯನು ಆರಿಸಿದುದು ಅಪವಾದ. ಅಪವಾದವಿಲ್ಲದೆಡೆಯಲ್ಲೆಲ್ಲ ಉತ್ಸರ್ಗವು ಪ್ರವರ್ತಿಸುವುದು.

ಇಲ್ಲಿ ನಾಲ್ವರು ಇದ್ದಾರೆಂಬುದನ್ನು ಗಮನಿಸಬೇಕು: ಸಾಧನಕಾರನು, ಥೀಮುಕಾರನು, ತಾಣದ ಒಡೆಯನು, ತಾಣವನ್ನು ಓದುವವನು. ಸಾಧನವು ಥೀಮುಕಾರನಿಗಾಗಿ, ಫಲಕವು ಒಡೆಯನಿಗಾಗಿ, ಪುಟವು ಓದುಗನಿಗಾಗಿ. ಅಭಿಪ್ರಾಯಗಳಲ್ಲಿ ಕಾಣುವ ಗೊಂದಲವು ಬಹುಮಟ್ಟಿಗೆ ಈ ಭೇದವನ್ನು ಮರೆತುದರ ಫಲ.

೩

ವರ್ಡ್‌ಪ್ರೆಸ್ಸಿನ ಭಂಡಾರದಲ್ಲಿ ಬಳಕೆದಾರನು ಪ್ಲಗಿನ್ನಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಟ್ಟು ಕೆಲವು ಮಾತುಗಳನ್ನು ಬರೆಯಬಹುದು. ಇಂಥ ಸಾಧನಗಳನ್ನು ಕುರಿತ ಅಭಿಪ್ರಾಯಗಳು ನಾಲ್ಕು ಪಕ್ಷಗಳಾಗಿ ನಿಲ್ಲುತ್ತವೆ. ಕೆಲಸವು ಹಗುರವಾಯಿತೆಂದು ಹೊಗಳುವುದು ಮೊದಲನೆಯದು. ಅಳವಡಿಸಿದರೂ ಏನೂ ಕಾಣಲಿಲ್ಲವೆಂದು ದೂರುವುದು ಎರಡನೆಯದು. ವಿಕಲ್ಪಗಳು ಸಾಲವು, ಇನ್ನೂ ಬೇಕೆಂಬುದು ಮೂರನೆಯದು. ವಿಕಲ್ಪಗಳ ಹೊರೆಯೇ ಬೇಡವೆಂಬುದು ನಾಲ್ಕನೆಯದು.

ಮೊದಲೆರಡು ಪಕ್ಷಗಳಿಗೆ ವಿರೋಧವಿಲ್ಲ. ಹೊಗಳಿದವನು ಥೀಮುಕಾರನು; ದೂರಿದವನು ತಾಣದ ಒಡೆಯನು. ಥೀಮಿನಲ್ಲಿ ಪಟ್ಟಿಯ ಕಡತವಿಲ್ಲದಿದ್ದರೆ ಈ ಸಾಧನವು ಕೊಡತಕ್ಕುದು ಏನೂ ಇಲ್ಲ. ನಿಘಂಟನ್ನು ಕೊಂಡವನು ಅದರಲ್ಲಿ ಕಥೆಯಿಲ್ಲವೆಂದು ದೂರಿದರೆ ನಿಘಂಟು ಕೆಟ್ಟುದಾಗದು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಗ್ರಂಥಾರಂಭದಲ್ಲಿ ಹೇಳಬೇಕೆಂಬ ನಿಯಮವು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಹುಟ್ಟಿತು. ಆ ನಿಯಮವು ಗ್ರಂಥಕಾರನಿಗೆ ಎಷ್ಟು ಅಗತ್ಯವೋ ಅಭಿಪ್ರಾಯವನ್ನು ಬರೆಯುವವನಿಗೂ ಅಷ್ಟೇ ಅಗತ್ಯ. ಐದು ನಕ್ಷತ್ರವನ್ನಿತ್ತ ಅಧಿಕಾರಿಯನ್ನೂ, ಒಂದನ್ನಿತ್ತ ಅನಧಿಕಾರಿಯನ್ನೂ ಕೂಡಿಸಿ ಸರಾಸರಿಯನ್ನು ತೆಗೆದರೆ ಬರುವ ಮೂರು ಯಾರ ಅನುಭವವೂ ಅಲ್ಲ.

೪

ಮೂರನೆಯ ನಾಲ್ಕನೆಯ ಪಕ್ಷಗಳ ವಿರೋಧವು ನಿಜವಾದುದು. ಇಲ್ಲಿ ಶಾಸ್ತ್ರದ ಸಹಾಯವು ಬೇಕು.

ಯಾಗಕ್ಕೆ ವ್ರೀಹಿಯನ್ನು ವಿಧಿಸುವ ವಾಕ್ಯವೂ ಯವವನ್ನು ವಿಧಿಸುವ ವಾಕ್ಯವೂ ಇರುವಾಗ ಮೀಮಾಂಸಕರು ವಿಕಲ್ಪವನ್ನು ಒಪ್ಪುತ್ತಾರೆ. ಆದರೆ ಮನಸ್ಸಿಲ್ಲದೆ ಒಪ್ಪುತ್ತಾರೆ. ವ್ರೀಹಿಯನ್ನು ಹಿಡಿದಾಗ ಯವವಾಕ್ಯಕ್ಕಿದ್ದ ಪ್ರಾಮಾಣ್ಯವನ್ನು ಬಿಡಬೇಕು, ಇಲ್ಲದ ಅಪ್ರಾಮಾಣ್ಯವನ್ನು ಕಲ್ಪಿಸಬೇಕು; ಮತ್ತೊಮ್ಮೆ ಯವವನ್ನು ಹಿಡಿದಾಗ ಬಿಟ್ಟ ಪ್ರಾಮಾಣ್ಯವನ್ನು ಮರಳಿ ಎಬ್ಬಿಸಬೇಕು, ಕಲ್ಪಿಸಿದ ಅಪ್ರಾಮಾಣ್ಯವನ್ನು ತೊರೆಯಬೇಕು. ಹೀಗೆ ಯವದ ಕಡೆ ನಾಲ್ಕು, ವ್ರೀಹಿಯ ಕಡೆ ನಾಲ್ಕು, ಒಟ್ಟು ಎಂಟು ದೋಷಗಳು. ಆದುದರಿಂದ ಬೇರೆ ಗತಿಯಿಲ್ಲದಾಗ ಮಾತ್ರ ವಿಕಲ್ಪವೆಂಬುದು ಅವರ ನಿರ್ಣಯ.

ವರ್ಡ್‌ಪ್ರೆಸ್ಸನ್ನು ನಡೆಸುವವರು ತಮ್ಮ ತತ್ತ್ವಗಳಲ್ಲಿ ಇದಕ್ಕೆ ಹತ್ತಿರವಾದುದನ್ನೇ ಹೇಳಿಕೊಂಡಿದ್ದಾರೆ: ಬಳಕೆದಾರನ ಮೇಲೆ ಆಯ್ಕೆಗಳನ್ನು ಹೇರದೆ ರಚಿಸುವವನೇ ನಿರ್ಣಯವನ್ನು ಮಾಡಬೇಕೆಂಬುದು ಆ ತತ್ತ್ವ. ಇದು ಸೋಮಾರಿತನದ ಮಾತಲ್ಲ. ಎರಡೆರಡು ಪಕ್ಷವುಳ್ಳ ಹತ್ತು ವಿಕಲ್ಪಗಳನ್ನಿಟ್ಟರೆ ತಾಣವು ೧೦೨೪ ರೂಪಗಳನ್ನು ತಾಳಬಹುದು. ಅಷ್ಟನ್ನೂ ಪರೀಕ್ಷಿಸಿದ ಥೀಮುಕಾರನು ದುರ್ಲಭ.

ಹಾಗಾದರೆ ನಾಲ್ಕನೆಯ ಪಕ್ಷವೇ ಸಿದ್ಧಾಂತವೇ? ಅಲ್ಲ. ವೈಯಾಕರಣರು ‘ವ್ಯವಸ್ಥಿತವಿಭಾಷೆ’ ಎಂಬ ಇನ್ನೊಂದು ಬಗೆಯನ್ನು ಬಲ್ಲರು. ಮೇಲ್ನೋಟಕ್ಕೆ ವಿಕಲ್ಪದಂತೆ ಕಂಡರೂ ಪ್ರತಿಯೊಂದು ರೂಪಕ್ಕೂ ಅಲ್ಲಿ ನಿಯತವಾದ ಎಡೆಯುಂಟು. ಆ ಬಗೆಯ ನೆಲೆಯನ್ನು ಕನ್ನಡದ ಮಾತಿನಲ್ಲಿಯೇ ಕಾಣಬಹುದು. ‘ಮರಕ್ಕೆ’, ‘ಮನೆಗೆ’, ‘ಊರಿಗೆ’ ಎಂಬಲ್ಲಿ ಚತುರ್ಥಿಯು ಮೂರು ವೇಷಗಳನ್ನು ತೊಟ್ಟಿದೆ. ಆದರೆ ಆರಿಸುವ ಸ್ವಾತಂತ್ರ್ಯವು ನಮಗಿಲ್ಲ, ಪ್ರಕೃತಿಯೇ ನಿಶ್ಚಯಿಸುತ್ತದೆ. ‘ಮನೆಯನ್ನು ಕಟ್ಟಿದನು’, ‘ಮನೆ ಕಟ್ಟಿದನು’ ಎಂಬಲ್ಲಿಯಾದರೋ ಆಯ್ಕೆಯು ಹೇಳುವವನದು. ಮೊದಲನೆಯ ಬಗೆಯನ್ನು ಬಳಕೆದಾರನಿಗೆ ಕೇಳುವುದು ರಚಿಸುವವನು ತನ್ನ ಕೆಲಸದಿಂದ ನುಣುಚಿಕೊಂಡಂತೆ. ಎರಡನೆಯದನ್ನು ಕೇಳದಿರುವುದು ಬಳಕೆದಾರನ ಬಾಯನ್ನು ಕಟ್ಟಿದಂತೆ.

ಇನ್ನೊಂದು ಸೂಕ್ಷ್ಮವುಂಟು. ಪಾಣಿನಿಯು ವಿಕಲ್ಪಕ್ಕೆ ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂಬ ಮೂರು ಮಾತುಗಳನ್ನು ಬಳಸಿದ್ದಾನೆ. ಸಂಪ್ರದಾಯವು ಇವನ್ನು ಸಮಾನಾರ್ಥಕಗಳೆಂದೇ ಎಣಿಸಿತು. ಪಾಲ್ ಕಿಪಾರ್ಸ್ಕಿಯೆಂಬ ಭಾಷಾಶಾಸ್ತ್ರಜ್ಞರು ೧೯೭೯ರಲ್ಲಿ, ‘ವಾ’ ಎಂದಲ್ಲಿ ಹೇಳಿದ ರೂಪವೇ ಮೇಲು, ‘ವಿಭಾಷಾ’ ಎಂದಲ್ಲಿ ಅದು ಸಲ್ಲಬಹುದಾದರೂ ಮೇಲಲ್ಲ, ‘ಅನ್ಯತರಸ್ಯಾಮ್’ ಎಂದಲ್ಲಿ ಎರಡೂ ಸಮವೆಂದು ವಾದಿಸಿದರು. ಈ ಮತವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ನಮ್ಮ ವಿಷಯಕ್ಕೆ ಅದು ಬೆಳಕನ್ನು ಬೀರುತ್ತದೆ. ಫಲಕದಲ್ಲಿ ಸಾಲಾಗಿ ನಿಂತ ವಿಕಲ್ಪಗಳೆಲ್ಲವೂ ಸಮವೆಂಬಂತೆ ತೋರುತ್ತವೆ. ಯಾವುದು ಮೇಲೆಂದು ರಚಿಸಿದವನಿಗೆ ಗೊತ್ತಿದ್ದರೂ ಫಲಕವು ಅದನ್ನು ನುಡಿಯದು. ಅವನ ಅನುಭವವು ಒಡೆಯನನ್ನು ಮುಟ್ಟುವುದು ಉತ್ಸರ್ಗದ ಮೂಲಕ ಮಾತ್ರ. ಆದಕಾರಣ ಸಾಧನವನ್ನು ಪರೀಕ್ಷಿಸುವವನು ವಿಕಲ್ಪಗಳ ಸಂಖ್ಯೆಯನ್ನು ಎಣಿಸುವುದಕ್ಕೆ ಮೊದಲು, ಏನನ್ನೂ ಆರಿಸದವನಿಗೆ ಏನು ದೊರೆಯುವುದೆಂದು ನೋಡಬೇಕು.

೫

ಈಗ ಕನ್ನಡಕ್ಕೆ ಬರೋಣ. ಈ ಸಾಧನದಲ್ಲಿ ಅಕ್ಷರವಿನ್ಯಾಸಕ್ಕೆಂದು ಒಂದು ವಿಕಲ್ಪವಿತ್ತು. ಅಳತೆ, ಮುಖ, ಶೈಲಿ, ಬಣ್ಣ ಎಂದು ಅದಕ್ಕೆ ನಾಲ್ಕು ಅಂಗಗಳು. ಮೂಲಪಟ್ಟಿಯಲ್ಲಿ ಅಕ್ಷರಮುಖಗಳು ಎಂಟು: ಏರಿಯಲ್, ವರ್ಡಾನಾ, ಟ್ರೆಬುಶೇ, ಜಾರ್ಜಿಯಾ, ಟೈಮ್ಸ್, ತಹೋಮಾ, ಪ್ಯಾಲಟೀನೋ, ಹೆಲ್ವೆಟಿಕಾ. ಅಳತೆಯು ೯ರಿಂದ ೭೧ ಪಿಕ್ಸೆಲುಗಳವರೆಗೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಇದು ಔದಾರ್ಯವೇ ಸರಿ.

ಕನ್ನಡದವನಿಗೆ ಇದು ಏನು? ಈ ಎಂಟರಲ್ಲಿ ಒಂದೂ ಕನ್ನಡದ ಲಿಪಿಗಾಗಿ ರಚಿತವಾದುದಲ್ಲ. ಒಡೆಯನು ಯಾವುದನ್ನು ಆರಿಸಿದರೂ, ಓದುವವನ ಯಂತ್ರದಲ್ಲಿ ಇರುವ ಬೇರೊಂದು ಅಕ್ಷರಮುಖದಿಂದ, ಒಂದು ಕಡೆ ‘ತುಂಗಾ’ದಿಂದ, ಇನ್ನೊಂದು ಕಡೆ ‘ನೋಟೋ’ದಿಂದ, ಕನ್ನಡವು ಮೂಡುವುದು. ಆರಿಸಿದಂತೆ ಕಾಣುವುದು, ಆರಿಸಿದುದು ಕನ್ನಡದ ಅಕ್ಷರವನ್ನು ಮುಟ್ಟದು. ಎಂಟು ದೋಷಗಳುಳ್ಳ ವಿಕಲ್ಪವನ್ನು ಮೀಮಾಂಸಕರು ಕಂಡಿದ್ದರು. ಎಂಟು ಪಕ್ಷಗಳಿದ್ದೂ ಒಂದೂ ತಗಲದ ವಿಕಲ್ಪವನ್ನು ಅವರು ಕಂಡಿರಲಿಲ್ಲ.

ಇಷ್ಟೇ ಅಲ್ಲ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ತಕ್ಕಷ್ಟು ಎಡೆಯಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಚಿಹ್ನೆಗೆ ತಗಲುವುದು. ನಮ್ಮ ಊರಹೆಸರುಗಳ ಪಟ್ಟಿಯಲ್ಲಿ ನನ್ನ ತಿದ್ದುವಿಕೆಯ ಅರ್ಧ ಭಾಗವು ಈ ತೊಡಕಿನಲ್ಲಿಯೇ ಕಳೆಯಿತು. ನಮಗೆ ಬೇಕಾಗಿದ್ದುದು ಸಾಲಿನ ಅಂತರದ ವಿಕಲ್ಪ. ಮೇಲೆ ಹೇಳಿದ ನಾಲ್ಕು ಅಂಗಗಳಲ್ಲಿ ಅದಿಲ್ಲ. ಕನ್ನಡಕ್ಕೆ ಅಷ್ಟು ಸಹಜವಲ್ಲದ ಓರೆಯಕ್ಷರವಾದರೋ ಇದೆ.

ಇದು ಸಾಧನಕಾರನ ಅಪರಾಧವೆನ್ನಲು ನನಗೆ ಮನಸ್ಸು ಬಾರದು. ಅಕ್ಷರಮುಖಗಳ ಪಟ್ಟಿಯನ್ನು ಥೀಮುಕಾರನು ಹಿಗ್ಗಿಸಿಕೊಳ್ಳಲು ಅವನು ಬಾಗಿಲನ್ನು ತೆರೆದೇ ಇಟ್ಟಿದ್ದನು. ಆ ಬಾಗಿಲಿನಿಂದ ಕನ್ನಡವನ್ನು ಒಳಗೆ ಕರೆಯಬೇಕಾದವನು ಥೀಮುಕಾರನು. ಅವನಿಗೆ ಅದನ್ನು ತಿಳಿಸಬೇಕಾದವರು ನಾವು. ನಾನು ಓದಿದ ಅಭಿಪ್ರಾಯಗಳಲ್ಲಿ ಒತ್ತಕ್ಷರದ ಮಾತನ್ನೆತ್ತಿದುದು ಒಂದೂ ನನಗೆ ದೊರೆಯಲಿಲ್ಲ. ನಾಲ್ವರಲ್ಲಿ ಕೊನೆಯವನಾದ ಓದುಗನಿಗೆ ಬಾಯೇ ಇಲ್ಲವಾಗಿತ್ತು. ಭಾಷೆಯನ್ನು ಕಲಿಸುವ ನಾವು ಅಕ್ಷರವು ಕೆಟ್ಟು ಕಂಡಾಗ ಯಂತ್ರವನ್ನು ಬೈದು ಸುಮ್ಮನಾದೆವು.

೬

ಕಾಲವು ಈ ಸಾಧನವನ್ನು ಹಿಂದಿಟ್ಟಿದೆ. ೨೦೧೨ರಲ್ಲಿ ವರ್ಡ್‌ಪ್ರೆಸ್ಸಿನೊಳಗೇ ‘ಕಸ್ಟಮೈಜರ್’ ಎಂಬ ವ್ಯವಸ್ಥೆಯು ಬಂದಿತು. ಅದರಲ್ಲಿ ಬದಲಾವಣೆಯನ್ನು ಉಳಿಸುವ ಮೊದಲೇ ಕಣ್ಣಾರೆ ಕಾಣಬಹುದು. ೨೦೧೫ರಲ್ಲಿ ಭಂಡಾರದ ಪರೀಕ್ಷಕರು ಥೀಮಿನ ವಿಕಲ್ಪಗಳಿಗೆ ಅದನ್ನೇ ಬಳಸಬೇಕೆಂದು ಗೊತ್ತುಮಾಡಿದರು. ೨೦೨೨ರಿಂದ ಇಡೀ ತಾಣವನ್ನು ಪುಟದ ಮೇಲೆಯೇ ತಿದ್ದುವ ಕ್ರಮವೂ ಸೇರಿತು. ಹೀಗಿರಲು ೨೦೧೫ಕ್ಕೆ ಹಿಂದಿನ ಹೊಗಳಿಕೆಯನ್ನು ಇಂದಿನ ಪ್ರಮಾಣವೆಂದೂ, ಇಂದಿನ ದೂರನ್ನು ಅಂದಿನ ದೋಷವೆಂದೂ ಎಣಿಸುವುದು ಸಲ್ಲದು. ಗ್ರಂಥದಂತೆ ಅಭಿಪ್ರಾಯಕ್ಕೂ ಕಾಲನಿರ್ಣಯವು ಬೇಕು.

ಇದರಿಂದ ತೇಲುವ ಸಿದ್ಧಾಂತವಿಷ್ಟು: ಅಭಿಪ್ರಾಯವು ಪ್ರಮಾಣವಾಗಬೇಕಾದರೆ ಹೇಳುವವನ ಅಧಿಕಾರವೂ, ಅವನು ಕೇಳುವ ವಿಕಲ್ಪವು ವ್ಯವಸ್ಥಿತವೋ ಐಚ್ಛಿಕವೋ ಎಂಬ ವಿವೇಕವೂ, ಹೇಳಿದ ಕಾಲವೂ ಅದರಲ್ಲಿ ಸ್ಫುಟವಾಗಿರಬೇಕು. ಈ ಮೂರೂ ಇಲ್ಲದ ನಕ್ಷತ್ರವು ಪ್ರೀತಿ ಕೋಪಗಳ ಎಣಿಕೆ ಮಾತ್ರ.

ಈ ಒರೆಗಲ್ಲಿಗೆ ನನ್ನ ಮೊದಲ ಕೋಪವನ್ನು ಹಚ್ಚಿ ನೋಡಿದೆನು. ಮುನ್ನುಡಿಯು ತಾಣದ ವಸ್ತು. ಬಣ್ಣವು ತಾಣದ ಉಡುಪು. ಉಡುಪಿನ ಪೆಟ್ಟಿಗೆಯಲ್ಲಿ ಮನೆಯ ಪತ್ರವನ್ನಿಟ್ಟವರು ನಾವೇ. ಅಲ್ಲಿ ಬರಹದ ಪೆಟ್ಟಿಗೆಯನ್ನಿಟ್ಟು ನಮ್ಮನ್ನು ಕರೆದುದು ಥೀಮುಕಾರನ ಪಾಲಿನ ತಪ್ಪು. ಎಚ್ಚರಿಕೆಯು ನಮ್ಮ ನುಡಿಯಲ್ಲಿ ಇಲ್ಲದಿದ್ದುದು ಅವನ ತಪ್ಪೂ ಹೌದು, ಕನ್ನಡಕ್ಕೆ ತಿರುಗಿಸಿಕೊಡದ ನಮ್ಮದೂ ಹೌದು. ಒಂದು ನಕ್ಷತ್ರದಲ್ಲಿ ಇದಾವುದನ್ನೂ ಹೇಳಲಾಗುತ್ತಿರಲಿಲ್ಲ.

ಮುನ್ನುಡಿಯನ್ನು ಹೇಳಿದ ಹಿರಿಯರ ಬಳಿಗೆ ಮತ್ತೆ ಹೋದೆವು. ಅವರು ಬೇಸರಿಸದೆ ಇನ್ನೊಮ್ಮೆ ಹೇಳಿದರು. ಮೊದಲಿನದರಲ್ಲಿದ್ದ ಎರಡು ಊರುಗಳ ಮಾತು ಈ ಬಾರಿ ಬರಲಿಲ್ಲ. ನಾವು ನೆನಪಿಸಿದರೂ ಅವರಿಗೆ ಅಂದಿನ ವಾಕ್ಯವು ದೊರೆಯಲಿಲ್ಲ. ಬಂದಷ್ಟನ್ನು ಕಾಗದದಲ್ಲಿ ಬರೆದುಕೊಂಡು ಆಮೇಲೆ ತಾಣದಲ್ಲಿ ಏರಿಸಿದೆವು. ನನ್ನ ಅಭಿಪ್ರಾಯವನ್ನೂ ಕೊನೆಗೆ ಬರೆದು ಕಳುಹಿಸಿದೆನು: ನಾನು ಯಾರು, ಯಾವ ಕೆಲಸಕ್ಕಾಗಿ ಬಳಸಿದೆನು, ಒತ್ತಕ್ಷರಕ್ಕೆ ಎಷ್ಟು ಎಡೆ ಬೇಕು, ಎಚ್ಚರಿಕೆಯನ್ನು ಕನ್ನಡಕ್ಕೆ ತಿರುಗಿಸಿಕೊಡಲು ನಾವು ಸಿದ್ಧರೆಂಬುದು. ನಮ್ಮ ಉಪಾಧ್ಯಾಯರಲ್ಲಿ ಇನ್ನೂ ನಾಲ್ಕಾರು ಮಂದಿ ಇಂಥ ಐದು ಸಾಲುಗಳನ್ನು ಬರೆದರೆ ಈ ವಿಚಾರವು ಸಾರ್ಥಕವಾದೀತು.